ಸಿಐಡಿ 999ರ ಪಾತ್ರವರ್ಗವೂ ಅಂಗಡಿಯ ಕೀರ್ತಿಮೌಲ್ಯವೂ

ಯಶಸ್ವಿಯಾದ ಗೂಢಚಾರ ಸಾಹಸಚಿತ್ರವೊಂದರ ಮುಂದಿನ ಭಾಗ ಬರುತ್ತದೆಂಬ ಸುದ್ದಿ ಹೊರಟೊಡನೆ ಅಭಿಮಾನಿಗಳು ಕೇಳುವ ಮೊದಲ ಪ್ರಶ್ನೆ ಕಥೆಯದಲ್ಲ, ಪಾತ್ರವರ್ಗದ್ದು. ನಾಯಕ ಅವರೇ ತಾನೆ? ನಾಯಕಿ ಯಾರು? ಸಂಗೀತ ಯಾರದು? ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಹೋಟೆಲುಗಳಲ್ಲಿ ಕೇಳಿಬರುವ ಇಂತಹ ಮಾತನ್ನು ವರ್ತಕರು ಕಾಡುಹರಟೆಯೆಂದು ತಳ್ಳಿಹಾಕಬೇಕಾಗಿಲ್ಲ. ಗ್ರಾಹಕನು ಯಾವುದನ್ನು ನಂಬಿ ಹಣ ಕೊಡುತ್ತಾನೆಂಬ ವಾಣಿಜ್ಯದ ಮೂಲಪ್ರಶ್ನೆಯೇ ಅದರಲ್ಲಿ ಅಡಗಿದೆ.

ನಾಲ್ಕು ಚಿತ್ರ, ನಾಲ್ವರು ನಾಯಕಿಯರು

ಕನ್ನಡದಲ್ಲಿ ಈ ಬಗೆಯ ಸರಣಿಗೆ ನಾಂದಿ ಹಾಡಿದ್ದು 1968ರ 'ಜೇಡರ ಬಲೆ'. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', ಬಹುಕಾಲದ ನಂತರ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ತೆರೆಕಂಡವು. ನಾಲ್ಕಕ್ಕೂ ನಿರ್ದೇಶಕರು ದೊರೈ-ಭಗವಾನ್ ಜೋಡಿ, ಸಂಗೀತ ಜಿ.ಕೆ. ವೆಂಕಟೇಶ್, ನಾಯಕ ಡಾ. ರಾಜ್‌ಕುಮಾರ್. ನಾಯಕಿಯರು ಮಾತ್ರ ಅನುಕ್ರಮವಾಗಿ ಜಯಂತಿ, ಲಕ್ಷ್ಮಿ, ರೇಖಾ ಹಾಗೂ ಪದ್ಮಪ್ರಿಯ.

ಇದರಲ್ಲಿ ಒಂದು ವ್ಯಾಪಾರಸೂತ್ರವಿದೆ. ಗಿರಾಕಿಯು ಯಾವುದಕ್ಕಾಗಿ ಮರಳಿ ಬರುವನೋ ಅದನ್ನು ಕದಲಿಸಬಾರದು. ಉಳಿದುದರಲ್ಲಿ ಹೊಸತನ ತೋರಬೇಕು. ತಮ್ಮ ಪ್ರೇಕ್ಷಕರನ್ನು 'ಅಭಿಮಾನಿ ದೇವರುಗಳು' ಎಂದು ಕರೆದ ನಟನ ಚಿತ್ರಗಳಿಗೆ ಈ ಸೂತ್ರ ಸಹಜವಾಗಿಯೇ ಒಪ್ಪಿತು.

ಹೆಸರು ಯಾರದು?

ಆದರೆ ಇದೇ ಸೂತ್ರಕ್ಕೆ ಒಂದು ಮಿತಿಯೂ ಉಂಟು. 1962ರಲ್ಲಿ ಆರಂಭವಾದ ಜೇಮ್ಸ್ ಬಾಂಡ್ ಸರಣಿಯಲ್ಲಿ ಶಾನ್ ಕಾನರಿಯವರ ಸ್ಥಾನಕ್ಕೆ 1969ರಲ್ಲಿ ಜಾರ್ಜ್ ಲೇಜನ್‌ಬಿ ಬಂದರು; ಮುಂದೆ ರೋಜರ್ ಮೂರ್ ಮೊದಲಾದವರು ಬಂದರು. ಅಭಿಮಾನಿಗಳು ಪ್ರತಿಸಲವೂ ವಾದಿಸಿದರು; ಸರಣಿ ಮಾತ್ರ ನಿಲ್ಲಲಿಲ್ಲ. ಅಲ್ಲಿ ಬೆಲೆಯಿದ್ದುದು 007 ಎಂಬ ಹೆಸರಿಗೆ. ನಮ್ಮಲ್ಲಿ ಬೆಲೆಯಿದ್ದುದು ರಾಜ್‌ಕುಮಾರ್ ಎಂಬ ವ್ಯಕ್ತಿಗೆ. 1978ರೊಡನೆ ಆ ಸರಣಿ ನಿಂತಿತು.

ಲೆಕ್ಕಶಾಸ್ತ್ರದ ಭಾಷೆಯಲ್ಲಿ ಮೊದಲನೆಯದು ಸಂಸ್ಥೆಯ ಗುಡ್‌ವಿಲ್, ಅಂದರೆ ಕೀರ್ತಿಮೌಲ್ಯ. ಎರಡನೆಯದು ವ್ಯಕ್ತಿಯ ಕೀರ್ತಿಮೌಲ್ಯ. ಪಾಂಡವಪುರದ ಆಲೆಮನೆಯ ಬೆಲ್ಲವಾಗಲಿ, ನಾಗಮಂಗಲದ ಲೋಹಶಿಲ್ಪಿಯ ವಿಗ್ರಹವಾಗಲಿ, ಕೆ.ಆರ್. ಪೇಟೆಯ ದಿನಸಿ ಅಂಗಡಿಯಾಗಲಿ, ಶ್ರೀರಂಗಪಟ್ಟಣದ ಹೋಟೆಲಾಗಲಿ, ಬಹುಪಾಲು ನಡೆಯುವುದು ಯಜಮಾನರ ಮುಖ ನೋಡಿಯೇ. ಆ ಮುಖ ಮರೆಯಾದ ದಿನ ಗಿರಾಕಿಯು ಎದುರಂಗಡಿಯ ಕಡೆ ನೋಡುತ್ತಾನೆ. ಸ್ವಂತ ದುಡಿಮೆಯಿಂದ ಗಳಿಸಿದ ಕೀರ್ತಿಮೌಲ್ಯವನ್ನು ಲೆಕ್ಕ ಮಾನಕ 26ರಂತೆ ಆಸ್ತಿಯಾಗಿ ತೋರಿಸುವಂತಿಲ್ಲವಾದ್ದರಿಂದ, ಅದು ಕರಗಿದ್ದೂ ಆಸ್ತಿ-ಹೊಣೆ ಪಟ್ಟಿಯಲ್ಲಿ ಕಾಣುವುದಿಲ್ಲ.

ಮಾಡಬೇಕಾದುದೇನು?

ಮೊದಲನೆಯದಾಗಿ, ಅಂಗಡಿಯ ಹೆಸರು ಅಥವಾ ಸರಕಿನ ಗುರುತನ್ನು 1999ರ ವ್ಯಾಪಾರ ಗುರುತು ಕಾಯಿದೆಯಡಿ ನೋಂದಾಯಿಸಬೇಕು. ನೋಂದಣಿಯ ಅವಧಿ 10 ವರ್ಷ, ನವೀಕರಣಕ್ಕೆ ಅವಕಾಶವಿದೆ.

ಎರಡನೆಯದಾಗಿ, ಏಕಮಾಲೀಕತ್ವದ ವ್ಯಾಪಾರದ ಜಿಎಸ್‌ಟಿ ಸಂಖ್ಯೆ ಮಾಲೀಕರ ಪ್ಯಾನ್ ಆಧಾರದ್ದು. ಅದು ವಾರಸುದಾರರಿಗೆ ಇಳಿದು ಬರುವುದಿಲ್ಲ. ಮಾಲೀಕರು ತೀರಿಕೊಂಡಾಗ ವ್ಯಾಪಾರ ಮುಂದುವರಿಸುವವರು ಹೊಸ ನೋಂದಣಿ ಪಡೆದು, ಉಳಿದ ಹೂಡುವಳಿ ತೆರಿಗೆ ಜಮೆಯನ್ನು ಐಟಿಸಿ-02 ನಮೂನೆಯ ಮೂಲಕ ವರ್ಗಾಯಿಸಿಕೊಳ್ಳಬೇಕು. ದುಃಖದ ಮನೆಯಲ್ಲಿ ಈ ಕೆಲಸ ಮರೆತುಹೋಗುವುದು ಸುಲಭ.

ಮೂರನೆಯದಾಗಿ, ಮಕ್ಕಳನ್ನು ಪಾಲುದಾರರಾಗಿ ಸೇರಿಸಿಕೊಳ್ಳಬಹುದು. 1932ರ ಪಾಲುದಾರಿಕೆ ಕಾಯಿದೆಯ 14ನೆಯ ಪ್ರಕರಣದಂತೆ ಕೀರ್ತಿಮೌಲ್ಯವೂ ಸಂಸ್ಥೆಯ ಆಸ್ತಿಯೇ. ಆದರೆ 42ನೆಯ ಪ್ರಕರಣದಂತೆ, ಬೇರೆ ಕರಾರು ಇಲ್ಲದಿದ್ದರೆ ಪಾಲುದಾರರೊಬ್ಬರ ಮರಣದಿಂದ ಸಂಸ್ಥೆ ವಿಸರ್ಜನೆಯಾಗುತ್ತದೆ. ಆದುದರಿಂದ ಮುಂದುವರಿಕೆಯ ಷರತ್ತನ್ನು ಪಾಲುದಾರಿಕೆ ಪತ್ರದಲ್ಲಿ ಬರೆಸಬೇಕು. ಇಬ್ಬರೇ ಇದ್ದು ಒಬ್ಬರು ತೀರಿಕೊಂಡರೆ ಒಬ್ಬರಿಂದ ಪಾಲುದಾರಿಕೆ ನಿಲ್ಲದು, ಮೂವರಿರುವುದು ಕ್ಷೇಮ.

ಕಾಗದಪತ್ರಗಳಷ್ಟೇ ಸಾಲವು. ಮಗನೋ ಮಗಳೋ ಸೊಸೆಯೋ, ಮುಂದೆ ಗಲ್ಲದ ಮೇಲೆ ಕೂರುವವರು ಯಜಮಾನರಿರುವಾಗಲೇ ಗಿರಾಕಿಗಳಿಗೆ ಪರಿಚಿತರಾಗಬೇಕು. ತೂಕ, ಗುಣಮಟ್ಟ, ಮಾತುಗಳು ಕದಲದಿದ್ದರೆ ಹೊಸ ಮುಖವನ್ನು ಗಿರಾಕಿಯು ಒಪ್ಪುತ್ತಾನೆ. ಮುಂದಿನ ಭಾಗದ ಪಾತ್ರವರ್ಗವನ್ನು ಮೊದಲ ಭಾಗ ನಡೆಯುತ್ತಿರುವಾಗಲೇ ನಿಶ್ಚಯಿಸುವುದು ವರ್ತಕ ಬಂಧುಗಳಿಗೆ ಶ್ರೇಯಸ್ಕರ.