ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ!

ಈ ಗಾದೆ ಕಪ್ಪು ಕೋಟು ಹಾಕಿಕೊಂಡು ಓಡಾಡೋದನ್ನ ನೋಡಬೇಕಾ? ಎಂ.ಜಿ. ರಸ್ತೆಯ ಮೇಯೋ ಹಾಲ್ ಕೋರ್ಟ್‌ಗೆ ಹೋಗಿ. ದಂಡು ಪ್ರದೇಶದ ವ್ಯಾಪಾರಿಗಳಿಗೆ ಅದು ಚೆನ್ನಾಗಿ ಗೊತ್ತಿರೋ ಜಾಗ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಲಸೂರಿನ ಒಂದು ಪ್ರಿಂಟಿಂಗ್ ಪ್ರೆಸ್ಸು ಇಂದಿರಾನಗರದ ಹೋಟೆಲ್‌ಗೆ ಪಾರ್ಸೆಲ್ ಡಬ್ಬಿ ಮಾಡಿಕೊಟ್ಟಿತು. ಬಿಲ್ಲು 6 ಲಕ್ಷ. ವರ್ಷವಾದರೂ ದುಡ್ಡಿಲ್ಲ. ಪ್ರೆಸ್ಸಿನವರು ದಾವೆ ಹೂಡಿದರು. ಹೋಟೆಲ್‌ನವರು ಏನಂದರು ಗೊತ್ತಾ? "ನಿಮ್ಮ ಡಬ್ಬಿ ಸೋರಿತು, ನಮ್ಮ ಗಿರಾಕಿಗಳು ಹೋದರು, ನೀವೇ ನಮಗೆ 9 ಲಕ್ಷ ಕೊಡಿ!"

ಇದೇ ಪ್ರತಿದಾವೆ, ಅಂದರೆ ಕೌಂಟರ್ ಕ್ಲೇಮ್. ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶಕ್ಕೆ 1976ರ ತಿದ್ದುಪಡಿಯಲ್ಲಿ ಸೇರಿದ 6ಎ ನಿಯಮ ಇದಕ್ಕೆ ಅವಕಾಶ ಕೊಡುತ್ತೆ. ಇಂಥ ಹೊತ್ತಲ್ಲಿ ನಮ್ಮವರು ಎರಡು ತಪ್ಪು ಮಾಡ್ತಾರೆ.

ಮೊದಲನೆಯದು, ಹೆದರಿ ಕೇಸು ವಾಪಸ್ ತಗೊಳ್ಳೋದು. ಪ್ರಯೋಜನ ಇಲ್ಲ ಸ್ವಾಮಿ! ನಿಮ್ಮ ದಾವೆ ನಿಂತರೂ ಅವರ ಪ್ರತಿದಾವೆ ಮುಂದುವರಿಯಬಹುದು. ಕೊನೆಗೆ ನೀವು ಬರೀ ಪ್ರತಿವಾದಿಯಾಗಿ ಉಳೀತೀರಿ.

ಎರಡನೆಯದು, ಬರೀ ಬೆದರಿಕೆ ಅಂತ ಉತ್ತರವನ್ನೇ ಕೊಡದಿರೋದು. ಪ್ರತಿದಾವೆಗೆ ವಾದಪತ್ರದಷ್ಟೇ ತೂಕ. ಅದಕ್ಕೂ ಕೋರ್ಟ್ ಫೀ ಕಟ್ಟಬೇಕು. ಕೋರ್ಟ್ ಕೊಟ್ಟ ಗಡುವಿನೊಳಗೆ ನೀವು ಲಿಖಿತ ಉತ್ತರ ಸಲ್ಲಿಸದಿದ್ದರೆ ನಿಮ್ಮ ವಿರುದ್ಧವೇ ತೀರ್ಪು ಬರಬಹುದು.

ಹಾಗಾದರೆ ಏನು ಮಾಡಬೇಕು? ಮೊದಲು ದಿನಾಂಕ ನೋಡಿ. ಡಬ್ಬಿ ತಲುಪಿದ್ದು ಯಾವತ್ತು? ಸೋರಿತು ಅಂತ ಮೊದಲು ದೂರಿದ್ದು ಯಾವತ್ತು? 1930ರ ಸರಕು ಮಾರಾಟ ಕಾಯ್ದೆಯ 42ನೇ ಕಲಂ ಪ್ರಕಾರ, ತಿರಸ್ಕರಿಸಿದ್ದೇವೆ ಅಂತ ಹೇಳದೆ ನ್ಯಾಯವಾದ ಅವಧಿ ಮೀರಿ ಮಾಲು ಇಟ್ಟುಕೊಂಡರೆ ಒಪ್ಪಿಕೊಂಡ ಹಾಗೇ ಲೆಕ್ಕ. ಆಗಲೂ ಪರಿಹಾರ ಕೇಳೋ ಹಕ್ಕು ಅವರಿಗಿದೆ, ನಿಜ. ಆದರೆ ಆದ ನಷ್ಟವನ್ನ ಅವರೇ ಸಾಬೀತು ಮಾಡಬೇಕು. ಬಿಲ್ಲು ಕೇಳೋವರೆಗೂ ಸುಮ್ಮನಿದ್ದು, ದಾವೆ ಬಿದ್ದ ಮೇಲೆ ಡಬ್ಬಿ ಸೋರಿತು ಅಂದರೆ ಜಡ್ಜ್ ಕೇಳದೇ ಇರ್ತಾರಾ?

ಅದಕ್ಕೇ ಸಹಿ ಇರೋ ಡೆಲಿವರಿ ಚಲನ್, ಆರ್ಡರ್, ವಾಟ್ಸಾಪ್ ಮಾತುಕತೆ, "ಮುಂದಿನ ವಾರ ಕೊಡ್ತೀವಿ" ಅಂದ ಮೆಸೇಜು, ಎಲ್ಲ ಜೋಪಾನ ಮಾಡಿ. ಉತ್ತರದಲ್ಲಿ ಅವರ ಒಂದೊಂದು ಆರೋಪಕ್ಕೂ ಬೇರೆ ಬೇರೆಯಾಗಿ ಜವಾಬು ಕೊಡಿ. ಒಂದು ಕಂತಿನ ಡಬ್ಬಿ ನಿಜವಾಗಿ ಕೆಟ್ಟಿದ್ದರೆ ಅಷ್ಟನ್ನ ಒಪ್ಪಿಕೊಳ್ಳಿ. ಉಳಿದ ಬಿಲ್ಲಿಗೆ ಬಲ ಬರುತ್ತೆ.

ಪ್ರತಿವಾದಿಗೂ ಕಾಲಮಿತಿ ಇದೆ. ವಿವಾದಾಂಶ ರೂಪಿಸಿದ ಮೇಲೆ ಪ್ರತಿದಾವೆ ತರುವಂತಿಲ್ಲ ಅಂತ ಅಶೋಕ್ ಕುಮಾರ್ ಕಾಲ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ.

ಕೆ.ಆರ್. ಪುರದ ಸಣ್ಣ ಕಾರ್ಖಾನೆಯವರಿಗೆ ಇನ್ನೊಂದು ದಾರಿ ಇದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕು ಅನ್ನುತ್ತೆ 2006ರ ಕಾಯ್ದೆ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಫೆಸಿಲಿಟೇಷನ್ ಕೌನ್ಸಿಲ್‌ಗೆ. ಆದರೆ ಅಲ್ಲಿಯೂ ಪ್ರತಿದಾವೆ ಹಾಕಬಹುದು ಅಂತ 2021ರಲ್ಲಿ ಶಿಲ್ಪಿ ಇಂಡಸ್ಟ್ರೀಸ್ ತೀರ್ಪು ಬಂದಿದೆ.

ಅಂದರೆ ಎಲ್ಲಿಗೆ ಹೋದರೂ ಕಾಗದ ಬೇಕೇ ಬೇಕು. ಮಾಲು ಕೊಡುವಾಗ ಸಹಿ ಕೇಳೋಕೆ ಸಂಕೋಚ ಪಟ್ಟರೆ, ಕೋರ್ಟ್‌ನಲ್ಲಿ ಕೋಡಂಗಿ ಆಗೋದು ಕೊಟ್ಟವರೇ.