ನೆಹರು ನಾಣ್ಯಕ್ಕೆ ಲಕ್ಷ ಸಿಗುತ್ತದೆಯೇ?

ಅಜ್ಜನ ಪೆಟ್ಟಿಗೆಯಲ್ಲಿ ನೆಹರು ಮುಖದ ಒಂದು ರೂಪಾಯಿ ಸಿಕ್ಕಿದೆ. ಲಕ್ಷಗಟ್ಟಲೆ ಬಾಳುತ್ತದಂತೆ, ನಿಜವೇ? – ಓದುಗರೊಬ್ಬರು, ಶಂಕಗಿರಿ

ಲಕ್ಷದ ಆಸೆ ಬಿಡಿ. ನೆಹರು ತೀರಿಕೊಂಡ 1964ರಲ್ಲೇ ಬಂದ ಇದು ಸ್ವತಂತ್ರ ಭಾರತದ ಮೊದಲ ಸ್ಮಾರಕ ನಾಣ್ಯ, ನಿಜ. ಆದರೆ ಚಲಾವಣೆಗೆಂದೇ ರಾಶಿಗಟ್ಟಲೆ ಅಚ್ಚಾಯಿತು. ನಿಮ್ಮ ಸೇಲಂ ಮಾವಿನ ಲೆಕ್ಕವೇ ಇಲ್ಲೂ: ಸುಗ್ಗಿಯಲ್ಲಿ ಬುಟ್ಟಿಗಟ್ಟಲೆ ಬಂದರೆ ದರ ಇಳಿಯುತ್ತದೆ, ಕಲೆಯಿಲ್ಲದ ಹಣ್ಣಿಗೆ ಮಾತ್ರ ಗಿರಾಕಿ ಹೆಚ್ಚು ಕೊಡುತ್ತಾನೆ.

ಸಂಗ್ರಾಹಕ ಮೊದಲು ನೋಡುವುದು ಸವಕಳಿ. ನೆಹರು ಕಿವಿ, ಕೆನ್ನೆಯ ಉಬ್ಬು ಸವೆದಿದ್ದರೆ ಬೆಲೆ ಅಲ್ಲೇ ಬಿತ್ತು. ಆಮೇಲೆ ಟಂಕಸಾಲೆಯ ಗುರುತು. 1964ರ ನೆಹರು 50 ಪೈಸೆಯಲ್ಲಿ ಅವರ ಹೆಸರು ಇಂಗ್ಲಿಷಿನಲ್ಲಿರುವುದೂ ಉಂಟು, ಹಿಂದಿಯಲ್ಲಿರುವುದೂ ಉಂಟು. ಸಂಗ್ರಾಹಕರಿಗೆ ಎರಡೂ ಬೇಕು. ಹೊಳಪು ಕೊಟ್ಟ ಅಚ್ಚಿನಲ್ಲಿ ಸಂಗ್ರಹಕ್ಕೆಂದೇ ಒತ್ತಿದ ಪ್ರೂಫ್ ನಾಣ್ಯಗಳು ಕಡಿಮೆ, ಹಾಗಾಗಿ ದುಬಾರಿ. 2024ರ ಕರುಣಾನಿಧಿ 100 ರೂಪಾಯಿಯಂಥವೂ ಸಂಗ್ರಹಕ್ಕೆಂದೇ, ಚಲಾವಣೆಗೆ ಬರುವುದೇ ಇಲ್ಲ. 2009ರ ಅಣ್ಣಾದುರೈ 5 ರೂಪಾಯಿ ಮಾತ್ರ ಅಂಗಡಿ ಚಿಲ್ಲರೆಯಲ್ಲೂ ಸಿಕ್ಕೀತು.

ದಯವಿಟ್ಟು ಹುಣಸೆಹುಳಿ ಹಾಕಿ ಉಜ್ಜಬೇಡಿ. ಉಜ್ಜಿದ ಗೀರು ಭೂತಗನ್ನಡಿಗೆ ಕಂಡೇ ಕಾಣುತ್ತದೆ, ಇದ್ದ ಬೆಲೆಯೂ ಹೋಗುತ್ತದೆ. ‘ಮುಂಗಡ ಕಟ್ಟಿ, ಲಕ್ಷ ಕೊಡುತ್ತೇವೆ’ ಎಂದು ಫೋನ್ ಬಂದರೆ ಇಟ್ಟುಬಿಡಿ.