ಉಪ್ಪಿನ ಪೊಟ್ಟಣದ ಮೇಲೊಂದು ತಾರೀಖು

ಅಪ್ಪನಿಗೆ ಬಿಪಿ ಹೆಚ್ಚಿದೆ, ಉಪ್ಪು ಕಮ್ಮಿ ಮಾಡಿ ಎಂದು ಡಾಕ್ಟರು ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು: ‘ಕಮ್ಮಿ ಅಂದ್ರೆ ಎಷ್ಟು?’ ದಿನಕ್ಕೆ ಒಂದು ಟೀ ಚಮಚ, ಅದೂ ತಲೆ ತಟ್ಟಿದ್ದು ಎಂದರು ಅವರು. ಅಮ್ಮ ಸುಮ್ಮನೆ ತಲೆಯಾಡಿಸಿದಳು. ಐವತ್ತು ವರ್ಷ ಅಡುಗೆ ಮಾಡಿದ ಅವಳು ಒಂದು ದಿನವೂ ಉಪ್ಪನ್ನು ಚಮಚದಲ್ಲಿ ಅಳೆದವಳಲ್ಲ. ಸಾರಿಗೆ ಇಷ್ಟು, ಪಲ್ಯಕ್ಕೆ ಇಷ್ಟು ಎನ್ನುವುದು ಅವಳ ಬೆರಳುಗಳಿಗೆ ಗೊತ್ತಿತ್ತು, ಅವಳಿಗಲ್ಲ.

ಮರುದಿನ ಅವಳ ಕೈಯಳತೆಯನ್ನೇ ತಕ್ಕಡಿಗೆ ಹಾಕಿಸಿದೆ. ‘ಎಂದಿನಂತೆ ಹಾಕು, ಆದರೆ ಪಾತ್ರೆಗೆ ಹಾಕುವ ಮೊದಲು ಇದರ ಮೇಲೆ ಹಾಕು’ ಅಂದೆ. ಬೆಳಗಿನ ಉಪ್ಪಿಟ್ಟಿಗೆ 9 ಗ್ರಾಂ. ಸಾರಿಗೆ 12. ಬೀನ್ಸ್ ಪಲ್ಯಕ್ಕೆ 5. ಮಜ್ಜಿಗೆ, ಚಪಾತಿ ಹಿಟ್ಟು ಎಲ್ಲ ಸೇರಿಸಿ ಕೂಡಿದರೆ ನಾಲ್ಕು ಜನರ ಮನೆಗೆ 30 ಗ್ರಾಂ ದಾಟಿತು. ಉಪ್ಪಿನಕಾಯಿ, ಹಪ್ಪಳ ಇನ್ನೂ ಲೆಕ್ಕಕ್ಕೆ ಬಂದಿರಲಿಲ್ಲ. ಅಮ್ಮನ ಮುಖ ಸಣ್ಣದಾಯಿತು. ಯಾರ ತಪ್ಪೂ ಅಲ್ಲದ ಸಂಗತಿಯೊಂದು ತನ್ನ ಕೈಯಿಂದ ಆಗಿದೆ ಅನ್ನಿಸಿರಬೇಕು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಅದರಲ್ಲಿರುವ ಸೋಡಿಯಂ ಸುಮಾರು 2 ಗ್ರಾಂ. ಜಗತ್ತಿನ ಸರಾಸರಿ ಉಪ್ಪಿನ ಬಳಕೆ ಈ ಮಿತಿಯ ಎರಡು ಪಟ್ಟಿಗೂ ಹೆಚ್ಚು, 10.8 ಗ್ರಾಂ. ಮಿತಿ ಮೀರಿದ ಸೋಡಿಯಂನಿಂದ ವರ್ಷಕ್ಕೆ 18.9 ಲಕ್ಷ ಸಾವು ಸಂಭವಿಸುತ್ತದೆ ಎಂಬುದೂ ಅದೇ ಸಂಸ್ಥೆಯ ಅಂದಾಜು.

ಉಪ್ಪು ದೇಹದೊಳಗೆ ಏನು ಮಾಡುತ್ತದೆ ಎಂದು ಅಮ್ಮನಿಗೆ ಹೇಳಲು ನನಗೆ ಹೊಳೆದದ್ದು ಅವಳದೇ ಭರಣಿ. ಮಾವಿನಮಿಡಿಗೆ ಉಪ್ಪು ಬೆರೆಸಿಟ್ಟರೆ ನಾಲ್ಕು ದಿನದಲ್ಲಿ ಮಿಡಿ ಚಿರುಟಿ, ಭರಣಿಯಲ್ಲಿ ನೀರು ನಿಲ್ಲುತ್ತದೆ. ಉಪ್ಪು ಇರುವಲ್ಲಿಗೆ ನೀರು ಬರುತ್ತದೆ. ರಕ್ತದಲ್ಲಿ ಸೋಡಿಯಂ ಹೆಚ್ಚಾದರೆ ಅಲ್ಲೂ ನೀರು ನಿಲ್ಲುತ್ತದೆ, ಅಷ್ಟೇ ಕೊಳವೆಯಲ್ಲಿ ಹೆಚ್ಚು ರಕ್ತ ಹರಿಯಬೇಕಾಗುತ್ತದೆ. ಹೆಚ್ಚುವರಿ ಸೋಡಿಯಂ ಹೊರಹಾಕುವ ಕೆಲಸ ಮೂತ್ರಪಿಂಡದ್ದು. ವಯಸ್ಸಾದಂತೆ ಅದೂ ದಣಿಯುತ್ತದೆ, ರಕ್ತನಾಳದ ಗೋಡೆಯೂ ಬಿರುಸಾಗುತ್ತದೆ. ಮಿಡಿಯ ಹೋಲಿಕೆ ಅಮ್ಮನಿಗೆ ತಟ್ಟನೆ ಹಿಡಿಸಿತು.

ಉಪ್ಪನ್ನು ನಮ್ಮ ಜನ ಹಗುರವಾಗಿ ಕಂಡವರಲ್ಲ. ‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ’ ಎಂದು ಒಂದೇ ಉಸಿರಿನಲ್ಲಿ ಹೇಳಿದವರು. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಅಘನಾಶಿನಿಯ ಅಳಿವೆಯ ಉಪ್ಪುನೀರನ್ನು ಗದ್ದೆಗೆ ಬಿಟ್ಟು, ಬಿಸಿಲಿಗೆ ಆರಿಸಿ, ಹರಳು ಬಾಚಿ ಗುಡ್ಡೆ ಹಾಕುವುದನ್ನು ನೋಡಿದವರಿಗೆ ಒಂದು ಹಿಡಿ ಉಪ್ಪಿನ ಹಿಂದಿನ ಮೈಮುರಿತ ಅರ್ಥವಾಗುತ್ತದೆ. 1930ರಲ್ಲಿ ಅಂಕೋಲೆಯ ಜನ ಇದೇ ಉಪ್ಪಿಗಾಗಿ ಕಾನೂನು ಮುರಿದರು. ಹಾಗೆ ದಕ್ಕಿದ ವಸ್ತು ಇವತ್ತು ಅಡುಗೆಮನೆಯಲ್ಲಿ ಎಲ್ಲಕ್ಕಿಂತ ಅಗ್ಗ. ಎಣ್ಣೆ ಸುರಿಯುವಾಗ ಬಿಗಿಯುವ ಕೈ ಉಪ್ಪಿಗೆ ಬಿಗಿಯುವುದೇ ಇಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ಸೋಡಿಯಂನ ದೊಡ್ಡ ಪಾಲು ಕಾರ್ಖಾನೆಯ ಆಹಾರದಿಂದ, ಹೋಟೆಲಿನಿಂದ ಬರುತ್ತದೆ. ಅಲ್ಲಿ ಮನೆಯೊಡತಿ ಕೈ ಬಿಗಿಹಿಡಿದರೂ ಪ್ರಯೋಜನ ಅಷ್ಟಕ್ಕಷ್ಟೆ. ನಮ್ಮಲ್ಲಿ ಬಹುಪಾಲು ಉಪ್ಪು ಇನ್ನೂ ಒಲೆಯ ಪಕ್ಕದ ಡಬ್ಬಿಯಿಂದಲೇ ಬರುತ್ತದೆ. ಇದು ದೊಡ್ಡ ಅನುಕೂಲ ಅಂತ ನನಗನ್ನಿಸುತ್ತದೆ. ಇನ್ನೊಂದು ಅನುಕೂಲವೂ ಇದೆ: ನಮ್ಮ ಊಟದ ಬುಡವೇ ಸಪ್ಪೆ. ಅನ್ನಕ್ಕೆ ನಾವು ಉಪ್ಪು ಹಾಕುವುದಿಲ್ಲ, ಮುದ್ದೆಗೂ ಜೋಳದ ರೊಟ್ಟಿಗೂ ಎಷ್ಟೋ ಮನೆಗಳಲ್ಲಿ ಹಾಕುವುದಿಲ್ಲ. ಚಪಾತಿ ಹಿಟ್ಟಿಗೆ ಮಾತ್ರ ಅದು ಹೇಗೋ ಸೇರಿಕೊಂಡಿದೆ. ಅಮ್ಮ ಮೊದಲು ಬಿಟ್ಟದ್ದು ಅದನ್ನೇ. ಯಾರಿಗೂ ಗೊತ್ತಾಗಲಿಲ್ಲ.

ಆಮೇಲಿನದು ಅವಳದೇ ಬುದ್ಧಿ. ಪಲ್ಯಕ್ಕೆ ಮೊದಲೇ ಉಪ್ಪು ಹಾಕಿದರೆ ಅದು ತರಕಾರಿಯ ಒಳಗೆ ಇಳಿದುಬಿಡುತ್ತದೆ, ನಾಲಿಗೆಗೆ ಸಿಗಲು ಇನ್ನಷ್ಟು ಬೇಕಾಗುತ್ತದೆ. ಇಳಿಸುವ ಹೊತ್ತಿಗೆ ಹಾಕಿದರೆ ಮೇಲ್ಮೈಯಲ್ಲೇ ಉಳಿದು ಕಡಿಮೆಯಲ್ಲೇ ರುಚಿ ಕೊಡುತ್ತದೆ. ಕೋಸಂಬರಿಯಲ್ಲಿ ಇದು ಅವಳಿಗೆ ಮೊದಲೇ ಗೊತ್ತಿತ್ತು. ಬಡಿಸುವುದಕ್ಕೆ ಬಹಳ ಮುಂಚೆಯೇ ಉಪ್ಪು ಬೆರೆಸಿದರೆ ಸೌತೆಕಾಯಿ ನೀರು ಬಿಡುತ್ತದೆಯಲ್ಲ. ಸಾರನ್ನು ಕುದಿಸಿ ಇಂಗಿಸಿದ ಮೇಲೆ ಉಪ್ಪು. ಕೊರತೆ ಕಂಡಲ್ಲಿ ಅರ್ಧ ಹೋಳು ನಿಂಬೆ, ಇಲ್ಲವೇ ತುಪ್ಪದಲ್ಲಿ ಇಂಗು-ಜೀರಿಗೆಯ ಒಗ್ಗರಣೆ. ಸಂಜೆಗೆ ದೊಡ್ಡಪತ್ರೆ ತಂಬುಳಿ. ಹುಳಿ, ಖಾರ, ಘಮ ಇದ್ದರೆ ನಾಲಿಗೆ ಉಪ್ಪನ್ನು ಹುಡುಕುವುದು ಕಮ್ಮಿಯಾಗುತ್ತದೆ.

ಮೊದಲ ಹತ್ತು ದಿನ ಅಪ್ಪ ತಟ್ಟೆ ಮುಂದೆ ಮಾತೇ ಆಡುತ್ತಿರಲಿಲ್ಲ. ‘ಉಪ್ಪು ಖಾರ ತಿನ್ನೋ ದೇಹ’ ಎಂದು ಒಮ್ಮೆ ಗೊಣಗಿದರು. ಮೂರನೇ ವಾರ ದಾಟಿದ ಮೇಲೆ ಗೊಣಗಾಟ ನಿಂತಿತು. ನಾಲಿಗೆ ಹೊಂದಿಕೊಳ್ಳಲು ಕೆಲವು ವಾರ ಬೇಕು; ಒಂದೇ ಸಲ ಅರ್ಧಕ್ಕಿಳಿಸಿ ಮನೆಯವರನ್ನು ಕಂಗೆಡಿಸುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ ಇಳಿಸುವುದು ಲೇಸು.

ಕಷ್ಟವಾದದ್ದು ಕಾಣದ ಉಪ್ಪು. ಹಪ್ಪಳದ ಖಾರ, ಇಡ್ಲಿ ಹಿಟ್ಟಿಗೆ ಹಾಕುವ ಅಡುಗೆ ಸೋಡಾ ಕೂಡ ಸೋಡಿಯಂನ ವಸ್ತುಗಳೇ. ಬೇಕರಿಯ ಬನ್, ನೂಡಲ್ಸ್ ಪೊಟ್ಟಣದ ಮಸಾಲೆ, ಹೊಟ್ಟೆಯುಬ್ಬರಕ್ಕೆ ನೀರಲ್ಲಿ ಬುಸ್ಸೆನ್ನುವ ಪುಡಿ, ಎಲ್ಲದರಲ್ಲೂ ಅದಿದೆ. ಪೊಟ್ಟಣದ ಹಿಂದೆ ಸೋಡಿಯಂ ಎಷ್ಟು ಮಿಲಿಗ್ರಾಂ ಎಂದು ಬರೆದಿರುತ್ತಾರೆ. 400 ಮಿಲಿಗ್ರಾಂ ಸೋಡಿಯಂ ಅಂದರೆ 1 ಗ್ರಾಂ ಉಪ್ಪು, ಅಷ್ಟು ನೆನಪಿದ್ದರೆ ಸಾಕು.

ನೆಂಟರೊಬ್ಬರು ಗುಲಾಬಿ ಬಣ್ಣದ ಕಲ್ಲುಪ್ಪು ತಂದುಕೊಟ್ಟು ‘ಇದು ಎಷ್ಟು ತಿಂದರೂ ಏನೂ ಆಗಲ್ಲ’ ಎಂದರು. ಪ್ರೀತಿಯಿಂದಲೇ ಹೇಳಿದ ಮಾತು, ಆದರೆ ನಿಜವಲ್ಲ. ಸೈಂಧವವಾಗಲಿ ಹರಳುಪ್ಪಾಗಲಿ, ತೂಕಕ್ಕೆ ತೂಕ ಸೋಡಿಯಂ ಹೆಚ್ಚುಕಡಿಮೆ ಅಷ್ಟೇ. ಅಯೋಡಿನ್ ಮಾತ್ರ ಸಾಮಾನ್ಯವಾಗಿ ಅದರಲ್ಲಿ ಬೆರೆಸಿರುವುದಿಲ್ಲ. ನಿಜವಾಗಿ ಬೇರೆಯಾದದ್ದು ಪೊಟ್ಯಾಸಿಯಂ ಬೆರೆಸಿದ ಉಪ್ಪು. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2021ರಲ್ಲಿ ಹೊರಬಂತು. ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಾಗಿತ್ತು. ಆಸೆಯಿಂದ ಡಾಕ್ಟರನ್ನು ಕೇಳಿದೆ. ಅಪ್ಪನ ಮೂತ್ರಪಿಂಡ ಸ್ವಲ್ಪ ದುರ್ಬಲ, ನುಂಗುವ ಬಿಪಿ ಮಾತ್ರೆಯೂ ಪೊಟ್ಯಾಸಿಯಂ ಏರಿಸುವಂಥದ್ದು, ಅವರಿಗೆ ಬೇಡವೇ ಬೇಡ ಎಂದರು. ಅಂಗಡಿಯಲ್ಲಿ ಸಿಕ್ಕಿತೆಂದು ಕೇಳದೆ ತರುವ ವಸ್ತು ಅದಲ್ಲ. ಹಾಗೆಯೇ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ವಯಸ್ಸಾದವರು ಉಪ್ಪನ್ನು ಪೂರ್ತಿ ಬಿಡಲೂಬಾರದು. ಸೋಡಿಯಂ ತೀರಾ ಇಳಿದು ಮಂಕು ಕವಿಯುವುದುಂಟು.

ತಕ್ಕಡಿಯನ್ನು ದಿನವೂ ಇಟ್ಟುಕೊಂಡು ಕೂರಲು ಆಗುವುದಿಲ್ಲ. ಅದಕ್ಕೊಂದು ಸುಲಭ ಉಪಾಯ ಮಾಡಿದೆವು. ಹೊಸ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆಯುವುದು. ನಾಲ್ಕು ಜನಕ್ಕೆ ತಲಾ 5 ಗ್ರಾಂ ಅಂದರೆ 1 ಕಿಲೋ 50 ದಿನ ಬರಬೇಕು. ನಮ್ಮ ಮೊದಲ ಪೊಟ್ಟಣ 28 ದಿನಕ್ಕೆ ಮುಗಿದಿತ್ತು, ತಲೆಗೆ ಹೆಚ್ಚುಕಮ್ಮಿ 9 ಗ್ರಾಂ. ಈಚಿನದು 43 ದಿನ ಬಂದಿದೆ. ಈಗ ತಾರೀಖು ಬರೆಯುವವಳು ಅಮ್ಮನೇ, ಕ್ಯಾಲೆಂಡರಿಗೆ ಕಟ್ಟಿದ ಪೆನ್ನಿನಲ್ಲಿ.

ಕಳೆದ ತಿಂಗಳು ನೆಂಟರ ಮದುವೆಗೆ ಹೋಗಿದ್ದೆವು. ಎಲೆಯ ತುದಿಗೆ ಉಪ್ಪು ಬಡಿಸಲು ಬಂದ ಹುಡುಗನಿಗೆ ಅಪ್ಪ ಕೈ ಅಡ್ಡ ಹಿಡಿದರು. ಸಾರು ಕಲೆಸಿ ಎರಡು ತುತ್ತು ತಿಂದು, ಅಮ್ಮನ ಕಡೆ ಬಾಗಿ, ‘ಉಪ್ಪು ಮುಂದಾಗಿದೆ ಅಲ್ವಾ?’ ಎಂದು ಮೆಲ್ಲಗೆ ಕೇಳಿದರು. ಅಮ್ಮ ಬೆರಳ ತುದಿಗೆ ಸಾರು ಹಚ್ಚಿ ನಾಲಿಗೆಗಿಟ್ಟು, ಒಂದು ಗಳಿಗೆ ಸುಮ್ಮನಿದ್ದು, ‘ಹೌದು, ಮುಂದಾಗಿದೆ’ ಅಂದಳು.